ಹಿಮದ ರಸ್ತೆಯಲ್ಲಿ ಪಿಕಪ್ ಟ್ರಕ್: ಚಕ್ರಗಳ ಹಿಡಿತ ಹೆಚ್ಚಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ ಮತ್ತು ಕೆನಡಾದ ಹಿಮದ ಸೀಮೆಗೆ ಕೆಲಸಕ್ಕೆಂದು ಬಂದ ಕನ್ನಡಿಗರು ಒಂದೆರಡು ವರ್ಷ ಕಾರು ಓಡಿಸಿ, ಆಮೇಲೆ ಪಿಕಪ್ ಟ್ರಕ್ ಕೊಳ್ಳುವುದು ಈಗ ಅಪರೂಪವೇನಲ್ಲ. ನಾನಿರುವ ಮಿಷಿಗನ್‌ನಲ್ಲಿ ಡೆಟ್ರಾಯಿಟ್ ಸುತ್ತಲಿನ ವಾಹನ ಕಂಪನಿಗಳಲ್ಲಿ ದುಡಿಯುವ ನಮ್ಮವರೇ ಸಾಕಷ್ಟಿದ್ದಾರೆ. ಬೇಸಿಗೆಯಲ್ಲಿ ಕೊಂಡವರಿಗೆ ನವೆಂಬರ್ ಬರುತ್ತಿದ್ದಂತೆ ಸಂದೇಹಗಳು ಶುರುವಾಗುತ್ತವೆ. ಮರಳು ಮೂಟೆ ಹೇರಬೇಕೇ, ಟೈರ್ ಬದಲಿಸಬೇಕೇ, ಫೋರ್ ವೀಲ್ ಡ್ರೈವ್ (ಎಂಜಿನ್ ಬಲ ನಾಲ್ಕೂ ಚಕ್ರಗಳಿಗೆ ಹೋಗುವ ವ್ಯವಸ್ಥೆ) ಇದ್ದರೆ ಸಾಲದೇ? ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಟ್ರಕ್ಕನ್ನು ಹೊರಡಿಸುವುದಕ್ಕಿಂತ ನಿಲ್ಲಿಸುವುದು ಮುಖ್ಯ ಎಂಬುದು ನನ್ನ ನಿಲುವು. ಉತ್ತರಗಳನ್ನೆಲ್ಲ ಅದೇ ದೃಷ್ಟಿಯಿಂದ ಬರೆದಿದ್ದೇನೆ.

ಇಷ್ಟು ದೊಡ್ಡ ವಾಹನ ಸಣ್ಣ ಕಾರಿಗಿಂತ ಹೆಚ್ಚು ಜಾರುವುದೇಕೆ?

ಎಂಜಿನ್‌ನ ಭಾರ ಮುಂದೆ, ತಳ್ಳುವ ಚಕ್ರಗಳು ಹಿಂದೆ. ಪಿಕಪ್‌ನ ತೊಂದರೆಗೆ ಮೂಲ ಇದೇ. ಸರಕು ಹೊರುವುದಕ್ಕೆಂದು ಮಾಡಿದ ವಾಹನವಾದ್ದರಿಂದ ಹಿಂದಿನ ತೊಟ್ಟಿ ಖಾಲಿ ಇದ್ದಾಗ ಹಿಂದಿನ ಆಕ್ಸಲ್ (ಎರಡು ಚಕ್ರಗಳನ್ನು ಸೇರಿಸುವ ಅಚ್ಚು) ಮೇಲೆ ಒಟ್ಟು ತೂಕದ ಶೇ 40ರಿಂದ 43ರಷ್ಟು ಮಾತ್ರ ಬೀಳುತ್ತದೆ. ಸಾಮಾನ್ಯ ಕಾರುಗಳಲ್ಲಿ ಎಂಜಿನ್ ಭಾರವೂ ಎಳೆಯುವ ಚಕ್ರವೂ ಎರಡೂ ಮುಂದೆಯೇ ಇರುತ್ತವೆ. ಅದಕ್ಕೇ ಪಕ್ಕದ ಮನೆಯ ಹಳೆಯ ಕಾರು ನಿರಾತಂಕವಾಗಿ ಏರಿದ ದಿಣ್ಣೆಯಲ್ಲಿ ನಿಮ್ಮ ಟ್ರಕ್ಕಿನ ಹಿಂದಿನ ಚಕ್ರ ಗರಗರನೆ ತಿರುಗುತ್ತಾ ನಿಂತುಬಿಡುತ್ತದೆ.

ಇದರ ಜೊತೆಗೆ ಎಂಜಿನ್‌ನ ಬಲವೂ ಸೇರುತ್ತದೆ. ಆ್ಯಕ್ಸಿಲರೇಟರ್ ಮೇಲೆ ಕಾಲು ಸ್ವಲ್ಪ ಬಿಗಿಯಾದರೂ ಸಾಕು, ಹಗುರವಾದ ಹಿಂಭಾಗ ತಿರುವಿನಲ್ಲಿ ಪಕ್ಕಕ್ಕೆ ಸರಿಯುತ್ತದೆ.

ಹಾಗಾದರೆ ಮೊದಲು ದುಡ್ಡು ಹಾಕಬೇಕಾದದ್ದು ಯಾವುದಕ್ಕೆ?

ಟೈರಿಗೆ. ಕೈಯಲ್ಲಿರುವ ಹಣ ಒಂದಕ್ಕೇ ಸಾಲುತ್ತದೆ ಎಂದಾದರೆ ಬೇರೆ ಯೋಚನೆ ಮಾಡದೆ ನಾಲ್ಕು ಚಳಿಗಾಲದ ಟೈರ್ ಕೊಳ್ಳಿ. ನೆಲವನ್ನು ಮುಟ್ಟುವುದು ಟೈರ್ ಮಾತ್ರ. ಹೊರಡುವುದು, ತಿರುಗುವುದು, ನಿಲ್ಲುವುದು ಮೂರೂ ಅದರ ಮೂಲಕವೇ ಆಗಬೇಕು. ಮರಳು ಮೂಟೆ, ಫೋರ್ ವೀಲ್ ಡ್ರೈವ್, ಡಿಫರೆನ್ಷಿಯಲ್ ಲಾಕ್ (ಒಂದೇ ಆಕ್ಸಲ್‌ನ ಎರಡೂ ಚಕ್ರಗಳು ಒಟ್ಟಿಗೆ ತಿರುಗುವಂತೆ ಮಾಡುವ ವ್ಯವಸ್ಥೆ) ಇವೆಲ್ಲ ಮುಖ್ಯವಾಗಿ ಹೊರಡುವುದಕ್ಕೆ ಸಹಾಯಕ.

ಚಳಿಗಾಲದ ಟೈರಿನ ಗುಟ್ಟು ಎರಡು ಕಡೆ ಇದೆ. ಒಂದು, ಅದರ ರಬ್ಬರ್. ಸಾಧಾರಣ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರ್ ಸೊನ್ನೆಗಿಂತ ಎಷ್ಟೋ ಕೆಳಗೂ ಮೆತ್ತಗಿದ್ದು ನೆಲಕ್ಕೆ ಅಂಟಿಕೊಳ್ಳುತ್ತದೆ. ಎರಡು, ಅದರ ಮೈಮೇಲಿನ ಸಣ್ಣ ಸಣ್ಣ ಸೀಳುಗಳು. ಟ್ರೆಡ್‌ನ, ಅಂದರೆ ಟೈರಿನ ನೆಲ ಮುಟ್ಟುವ ಮೈಯ, ಪ್ರತಿ ಉಬ್ಬುಗಟ್ಟಿಯ ಮೇಲೂ ಬ್ಲೇಡಿನಿಂದ ಗೀರಿದಂತಹ ಹತ್ತಾರು ಸೀಳುಗಳಿರುತ್ತವೆ. ಬೆರಳಿಂದ ಒತ್ತಿದರೆ ಅವು ಬಾಯಿ ತೆರೆಯುವುದು ಕಾಣುತ್ತದೆ. ಚಕ್ರ ಉರುಳುವಾಗ ಆ ಸೀಳುಗಳ ಅಂಚುಗಳೇ ಹಿಮವನ್ನು ಕಚ್ಚಿ ಹಿಡಿಯುವುದು. ಅಗಲವಾದ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುವುದನ್ನು ಕಂಡು ಗಾಬರಿಪಡುವವರಿದ್ದಾರೆ. ಅದು ಆಗಬೇಕಾದದ್ದೇ, ಏಕೆಂದರೆ ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ.

ನನ್ನ ಟೈರಿನ ಮೇಲೆ ಎಂ+ಎಸ್ ಎಂದು ಬರೆದಿದೆ. ಅಷ್ಟು ಸಾಲದೇ?

ಸಾಲದು. ಎಂ+ಎಸ್ ಎಂದರೆ ಕೆಸರು ಮತ್ತು ಹಿಮ. ಟ್ರೆಡ್‌ನ ವಿನ್ಯಾಸದಲ್ಲಿ ಇಷ್ಟು ಜಾಗ ಖಾಲಿ ಇದೆ ಎಂಬುದನ್ನು ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು ಅದು. ಅದಕ್ಕೆ ಹಿಮದ ಮೇಲಿನ ಯಾವ ಪರೀಕ್ಷೆಯೂ ಬೇಕಿಲ್ಲ. ನೀವು ಹುಡುಕಬೇಕಾದದ್ದು ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಚಿತ್ರವನ್ನು. ಗಟ್ಟಿಯಾಗಿ ಕೂತ ಹಿಮದ ಮೇಲೆ ಮಾದರಿ ಟೈರಿಗಿಂತ ಕನಿಷ್ಠ ಶೇ 10ರಷ್ಟು ಹೆಚ್ಚು ಎಳೆತ ತೋರಿಸಿದ ಟೈರಿಗೆ ಮಾತ್ರ ಆ ಗುರುತು ಸಿಗುತ್ತದೆ. ಆದರೆ ಆ ಪರೀಕ್ಷೆ ನೋಡುವುದು ಮುಂದಕ್ಕೆ ಎಳೆಯುವ ಶಕ್ತಿಯನ್ನು. ಮಂಜುಗಡ್ಡೆಯ ಮೇಲೆ ಬ್ರೇಕ್ ಹಾಕಿದಾಗ ಏನಾಗುತ್ತದೆ ಎಂಬುದು ಅದರಲ್ಲಿ ಇಲ್ಲ. ಹಾಗಾಗಿ ಗುರುತು ಇದ್ದ ಮಾತ್ರಕ್ಕೆ ಎಲ್ಲ ಟೈರ್‌ಗಳೂ ಸಮವಲ್ಲ.

ಒರಟಾದ ಆಲ್ ಟೆರೇನ್ ಟೈರ್ ಹಾಕಿಸಿದ್ದೇನೆ. ಅದು ಹಿಮಕ್ಕೆ ಒಳ್ಳೆಯದಲ್ಲವೇ?

ಆಳವಾದ, ಸಡಿಲ ಹಿಮದಲ್ಲಿ ಪರವಾಗಿಲ್ಲ. ಗುಡ್ಡೆ ಬಿದ್ದ ಹಿಮವನ್ನು ಅಗೆದುಕೊಂಡು ಹೋಗಲು ದೊಡ್ಡ ಗಟ್ಟಿಗಳು ನೆರವಾಗುತ್ತವೆ. ಆದರೆ ನಮ್ಮ ಚಳಿಗಾಲದ ಹೆಚ್ಚಿನ ಓಡಾಟ ನಡೆಯುವುದು ನೇಗಿಲು ವಾಹನ ಗುಡಿಸಿಹೋದ ಮೇಲೆ ಉಳಿದ ತೆಳ್ಳನೆಯ ಗಟ್ಟಿ ಹಿಮ, ಅದರ ಕೆಳಗಿನ ಮಂಜುಗಡ್ಡೆಯ ಮೇಲೆ. ಅಲ್ಲಿ ಬೇಕಾದದ್ದು ಮೆತ್ತನೆಯ ರಬ್ಬರ್ ಮತ್ತು ಸೂಕ್ಷ್ಮ ಸೀಳುಗಳು. ಒರಟು ಗಟ್ಟಿಗಳಿಂದ ಅಲ್ಲಿ ಪ್ರಯೋಜನವಿಲ್ಲ. ಹಿಮದ ಹರಳಿನ ಗುರುತಿರುವ ಆಲ್ ಟೆರೇನ್ ಟೈರ್‌ಗಳೂ ಇವೆ. ವರ್ಷವಿಡೀ ಒಂದೇ ಟೈರ್ ಇರಲಿ ಎನ್ನುವವರಿಗೆ ಅವು ತಕ್ಕಮಟ್ಟಿಗಿನ ರಾಜಿ. ಮಂಜುಗಡ್ಡೆಯ ಮೇಲೆ ಮಾತ್ರ ನಿಜವಾದ ಚಳಿಗಾಲದ ಟೈರಿನ ಸಮಕ್ಕೆ ಅವು ಬರುವುದಿಲ್ಲ.

ಟ್ರೆಡ್ ಎಷ್ಟು ಉಳಿದಿದೆ ಎಂಬುದನ್ನೂ ನೋಡಿ. ಕಾನೂನು ಅಮೆರಿಕದ ಬಹುತೇಕ ಕಡೆ 1.6 ಮಿ.ಮೀ.ವರೆಗೆ ಬಿಡುತ್ತದೆ. ಹಿಮದಲ್ಲಿ ಅಷ್ಟು ಸವೆದ ಟೈರಿಗೆ ಹಿಡಿತವೇ ಇರುವುದಿಲ್ಲ. 5 ಮಿ.ಮೀ.ಗಿಂತ ಕಡಿಮೆಯಾಯಿತೆಂದರೆ ಹೊಸದನ್ನು ಕೊಳ್ಳುವ ಲೆಕ್ಕ ಹಾಕಿ.

ತಳ್ಳುವುದು ಹಿಂದಿನ ಚಕ್ರಗಳಲ್ಲವೇ? ಹಿಂದಕ್ಕೆ ಎರಡೇ ಚಳಿಗಾಲದ ಟೈರ್ ಹಾಕಿದರೆ?

ಬೇಡ. ಹೊರಡುವಾಗ ಚೆನ್ನಾಗಿಯೇ ಹೊರಡುತ್ತದೆ. ಆದರೆ ದಾರಿ ತಿರುಗಿಸುವುದೂ ಬ್ರೇಕಿನ ಹೆಚ್ಚಿನ ಭಾರ ಹೊರುವುದೂ ಮುಂದಿನ ಚಕ್ರಗಳು. ನಾಲ್ಕಕ್ಕೂ ಒಂದೇ ಬಗೆಯ ಟೈರ್ ಇರಲಿ.

ಅಗಲವಾದ ಟೈರ್ ಹಾಕಿದರೆ ಹಿಡಿತ ಹೆಚ್ಚುವುದಿಲ್ಲವೇ?

ಒಣ ರಸ್ತೆಯ ಅನುಭವದಿಂದ ಹೀಗೆನಿಸುತ್ತದೆ. ಹಿಮದಲ್ಲಿ ಅಗಲವಾದ ಟೈರ್ ಮೇಲೆ ತೇಲುತ್ತದೆ, ಕಿರಿದಾದದ್ದು ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಚಳಿಗಾಲಕ್ಕೆ ಬೇರೆ ರಿಮ್ ಕೊಳ್ಳುವುದಾದರೆ, ನಿಮ್ಮ ಮಾದರಿಗೆ ಕಂಪನಿ ಒಪ್ಪಿದ ಅಳತೆಗಳಲ್ಲೇ ಕಿರಿದಾದದ್ದನ್ನು ಆರಿಸಿ. ಟೈರಿನ ಹೊರ ಸುತ್ತಳತೆ ಮಾತ್ರ ಬದಲಾಗಬಾರದು.

ಲೋಹದ ಮೊಳೆ ಹೊಡೆದ ಟೈರ್ ಹೇಗೆ?

ಮಂಜುಗಡ್ಡೆಯ ಮೇಲೆ ಒಳ್ಳೆಯ ಹಿಡಿತ ಕೊಡುತ್ತದೆ, ಒಣ ರಸ್ತೆಯಲ್ಲಿ ಸದ್ದು ಮಾಡಿ ಡಾಂಬರನ್ನು ಕೆರೆಯುತ್ತದೆ. ರಸ್ತೆ ಹಾಳಾಗುವ ಕಾರಣಕ್ಕೇ ಮಿನೆಸೋಟ ತನ್ನ ನಿವಾಸಿಗಳಿಗೆ ಇದನ್ನು ನಿಷೇಧಿಸಿದೆ. ಒಂಟಾರಿಯೊದಲ್ಲಿ ಉತ್ತರ ಭಾಗದ ನಿವಾಸಿಗಳಿಗೆ ಮಾತ್ರ ಅನುಮತಿ. ಕೊಳ್ಳುವ ಮೊದಲು ನಿಮ್ಮ ರಾಜ್ಯದ ನಿಯಮ ನೋಡಿ. ಕೆನಡಾದಲ್ಲಿರುವವರು ಇನ್ನೊಂದು ವಿಷಯ ಗಮನಿಸಬೇಕು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ.

ಗಾಳಿ ಸ್ವಲ್ಪ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ ಎನ್ನುತ್ತಾರೆ. ನಿಜವೇ?

ಮರಳುಗಾಡಿಗೆ ಸಲ್ಲುವ ಮಾತನ್ನು ಹೆದ್ದಾರಿಗೆ ತರಬೇಡಿ. ಗಾಳಿ ಕಡಿಮೆಯಾದರೆ ಟ್ರೆಡ್‌ನ ನಡುಭಾಗ ಒಳಕ್ಕೆ ಕುಸಿದು ಕಾಲುವೆಗಳು ಮುಚ್ಚಿಕೊಳ್ಳುತ್ತವೆ. ಸ್ಟಿಯರಿಂಗ್ ಸಡಿಲವಾಗುತ್ತದೆ, ಟೈರ್ ಬೇಗ ಹಾಳಾಗುತ್ತದೆ. ಚಾಲಕನ ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ ಇರಲಿ.

ನಿಜವಾದ ತೊಂದರೆ ಏನೆಂದರೆ, ನೀವು ಏನೂ ಮಾಡದೆಯೇ ಗಾಳಿ ಇಳಿಯುತ್ತದೆ. ತಾಪಮಾನ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಸುಮಾರು 1 ಪಿ.ಎಸ್.ಐ. (ಚದರ ಇಂಚಿಗೆ ಒಂದು ಪೌಂಡ್) ಕಡಿಮೆಯಾಗುತ್ತದೆ. ಸೆಪ್ಟೆಂಬರಿನಲ್ಲಿ 20 ಡಿಗ್ರಿ ಇದ್ದಾಗ ತುಂಬಿಸಿದ ಟೈರ್, ಜನವರಿಯ ಮೈನಸ್ 15ರ ಬೆಳಗ್ಗೆ 6 ಪಿ.ಎಸ್.ಐ. ಕಳೆದುಕೊಂಡಿರುತ್ತದೆ. ಟ್ರಕ್ ರಾತ್ರಿಯಿಡೀ ನಿಂತಿರುವಾಗ, ಟೈರ್ ತಣ್ಣಗಿರುವಾಗಲೇ ಅಳೆದು ಸರಿಪಡಿಸಿ.

ಮರಳು ಮೂಟೆ ಎಷ್ಟು ಹಾಕಬೇಕು, ಎಲ್ಲಿಡಬೇಕು?

ಚಳಿಗಾಲದ ಹೊತ್ತಿಗೆ ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳ ಬಾಗಿಲಲ್ಲೇ ಉದ್ದನೆಯ ಕೊಳವೆಯಾಕಾರದ ಮರಳು ಮೂಟೆಗಳನ್ನು ಪೇರಿಸಿಟ್ಟಿರುತ್ತಾರೆ. ಒಂದೊಂದೂ 60 ಪೌಂಡ್, ಅಂದರೆ ಸುಮಾರು 27 ಕೆ.ಜಿ. ಸಾಮಾನ್ಯ ಗಾತ್ರದ ಪಿಕಪ್‌ಗೆ 4ರಿಂದ 6 ಮೂಟೆ ಸಾಕು. ಹೆಚ್ಚಾದಷ್ಟೂ ಒಳ್ಳೆಯದು ಎಂದು ತುಂಬುತ್ತಾ ಹೋಗಬೇಡಿ. ಎಷ್ಟು ಹೊರಬಹುದು ಎಂಬುದು ಅದೇ ಬಾಗಿಲ ಚೀಟಿಯಲ್ಲಿದೆ, ಒಳಗೆ ಕೂರುವ ಜನರ ತೂಕವೂ ಆ ಲೆಕ್ಕದೊಳಗೇ ಬರುತ್ತದೆ.

ಜಾಗ ಮುಖ್ಯ. ತೊಟ್ಟಿಯ ಒಳಗೆ ಎರಡೂ ಬದಿಯಲ್ಲಿ ಚಕ್ರದ ಉಬ್ಬು ಕಾಣುತ್ತದಲ್ಲವೇ, ಆ ಎರಡು ಉಬ್ಬುಗಳ ನಡುವೆ, ಆಕ್ಸಲ್‌ನ ನೇರ ಮೇಲೆ ಅಥವಾ ಒಂದಿಷ್ಟು ಮುಂದಕ್ಕೆ ಇಡಿ. ಹಿಂಬಾಗಿಲ ಬಳಿ ಇಟ್ಟರೆ ಇಳಿಸುವುದು ಸುಲಭ ಎಂದು ಅಲ್ಲಿಯೇ ಬಿಡುವವರಿದ್ದಾರೆ. ಅದು ಅಪಾಯ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3.7 ಮೀಟರ್ ಇರುವ ಟ್ರಕ್ಕಿನಲ್ಲಿ ಆಕ್ಸಲ್‌ಗಿಂತ 1.2 ಮೀಟರ್ ಹಿಂದೆ 150 ಕೆ.ಜಿ. ಇಟ್ಟರೆ, ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 50 ಕೆ.ಜಿ. ಕಡಿಮೆಯಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಟ್ರಕ್ ನೇರವಾಗಿ ಹೋಗುವುದು ಇಂಥ ಹೊತ್ತಿನಲ್ಲೇ.

ಮೂಟೆಗಳಿಂದ ಸಿಗುವ ಲಾಭವನ್ನೂ ಲೆಕ್ಕ ಹಾಕಿ ನೋಡೋಣ. ಟ್ರಕ್ಕಿನ ತೂಕ 2,200 ಕೆ.ಜಿ., ಅದರಲ್ಲಿ ಶೇ 42 ಹಿಂದಿನ ಚಕ್ರಗಳ ಮೇಲೆ ಎಂದುಕೊಳ್ಳಿ. ಆಕ್ಸಲ್ ಮೇಲೆ ಸರಿಯಾಗಿ 150 ಕೆ.ಜಿ. ಇಟ್ಟರೆ ತಳ್ಳುವ ಚಕ್ರಗಳ ಮೇಲಿನ ಭಾರ ಶೇ 16ರಷ್ಟು ಏರುತ್ತದೆ. ಆದರೆ ತಳ್ಳಬೇಕಾದ ಒಟ್ಟು ತೂಕವೂ ಏರಿತಲ್ಲ. ಅದನ್ನು ಕಳೆದರೆ ಉಳಿಯುವ ನಿಜವಾದ ಲಾಭ ಶೇ 9ರ ಆಸುಪಾಸು. ದಿಣ್ಣೆ ಹತ್ತುವುದೋ ಇಲ್ಲವೋ ಎಂಬ ಹೊತ್ತಿನಲ್ಲಿ ಇದು ದೊಡ್ಡ ಸಹಾಯವೇ. ಆದರೆ ಸವೆದ ಟೈರಿನ ಕೊರತೆಯನ್ನು ಇದು ತುಂಬಿಕೊಡುವುದಿಲ್ಲ. ನಿಲ್ಲುವ ದೂರವೂ ಇದರಿಂದ ಕಡಿಮೆಯಾಗುವುದಿಲ್ಲ.

ಮೂಟೆಗಳನ್ನು ಕಟ್ಟದೆ ಬಿಡಬೇಡಿ. ತೊಟ್ಟಿಯ ಕೊಂಡಿಗಳಿಗೆ ಪಟ್ಟಿ ಬಿಗಿದು ಕಟ್ಟಿ, ಇಲ್ಲವೇ ಉಬ್ಬುಗಳ ಮುಂದೆಯೂ ಹಿಂದೆಯೂ ಅಡ್ಡಕ್ಕೆ ಮರದ ತುಂಡು ಕೂರಿಸಿ. ತಿರುವಿನಲ್ಲಿ 27 ಕೆ.ಜಿ.ಯ ಮೂಟೆ ಪಕ್ಕಕ್ಕೆ ಜರುಗಿದರೆ, ಜಾರುತ್ತಿರುವ ಟ್ರಕ್ ಇನ್ನಷ್ಟು ಜಾರುತ್ತದೆ.

ಮರಳಿನ ಬದಲು ಕಾಂಕ್ರೀಟ್ ಇಟ್ಟಿಗೆ, ನೀರಿನ ಚೀಲ, ಇಲ್ಲವೇ ತೊಟ್ಟಿಯಲ್ಲಿ ಬಿದ್ದ ಹಿಮವನ್ನೇ ಬಿಟ್ಟರೆ?

ಕಾಂಕ್ರೀಟ್ ಇಟ್ಟಿಗೆ ಖಂಡಿತ ಬೇಡ. ಡಿಕ್ಕಿಯಾದರೆ ಅದು ಕ್ಯಾಬಿನ್‌ನ ಹಿಂದಿನ ಗಾಜು ಒಡೆದು ಒಳಗೆ ನುಗ್ಗಬಲ್ಲದು. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿರುತ್ತಾರೆ ಎಂಬುದು ನೆನಪಿರಲಿ. ನೀರು ಹೆಪ್ಪುಗಟ್ಟಿ ಚೀಲ ಒಡೆಯಬಹುದು. ಹಿಮವನ್ನು ಬಿಟ್ಟರೆ ಎಷ್ಟು ಭಾರವಿದೆ, ಎಲ್ಲಿದೆ ಎಂಬ ಅಂದಾಜೇ ಸಿಗುವುದಿಲ್ಲ. ವೇಗದಲ್ಲಿ ಅದು ಹಾರಿ ಹಿಂದಿನವರ ಕಣ್ಣಿಗೂ ಅಡ್ಡ ಬರುತ್ತದೆ. ಮರಳಿಗೆ ಮತ್ತೊಂದು ಉಪಯೋಗವಿದೆ: ಸಿಕ್ಕಿಬಿದ್ದಾಗ ಮೂಟೆ ಬಿಚ್ಚಿ ಚಕ್ರದ ಕೆಳಗೆ ಎರಚಬಹುದು. ತೇವವಿರುವ ಮರಳು ಮೂಟೆಯೊಳಗೇ ಕಲ್ಲಾಗಿಬಿಡುತ್ತದೆ. ಹಾಗಾಗಿ ಒಂದು ಡಬ್ಬಿಯಷ್ಟು ಒಣ ಮರಳು ಕ್ಯಾಬಿನ್ ಒಳಗೆ ಇರಲಿ.

ನನ್ನದು ಮುಂದಿನ ಚಕ್ರಗಳು ಎಳೆಯುವ ಸಣ್ಣ ಪಿಕಪ್. ನಾನೂ ಮೂಟೆ ಹೇರಬೇಕೇ?

ಬೇಡ. ಫೋರ್ಡ್ ಮ್ಯಾವರಿಕ್‌ನ ಕೆಲವು ಮಾದರಿಗಳು ಹೀಗಿವೆ. ಅವುಗಳಲ್ಲಿ ಎಂಜಿನ್ ಭಾರ ಆಗಲೇ ಎಳೆಯುವ ಚಕ್ರಗಳ ಮೇಲಿದೆ. ಹಿಂದೆ ಭಾರ ಹೇರಿದರೆ ನಷ್ಟವೇ.

ಫೋರ್ ವೀಲ್ ಡ್ರೈವ್ ಇದೆ. ಇನ್ನು ಟೈರ್ ಏಕೆ, ಮೂಟೆ ಏಕೆ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ಹಿಮಪಾತದ ದಿನ ಹೆದ್ದಾರಿಯ ಪಕ್ಕದ ಹಳ್ಳಕ್ಕೆ ಬಿದ್ದಿರುವ ವಾಹನಗಳಲ್ಲಿ ಫೋರ್ ವೀಲ್ ಡ್ರೈವ್ ಇರುವವು ಎಷ್ಟೋ ಇರುತ್ತವೆ. ಎಂಜಿನ್‌ನ ಬಲವನ್ನು ಎರಡರ ಬದಲು ನಾಲ್ಕು ಚಕ್ರಗಳಿಗೆ ಹಂಚುವುದಷ್ಟೇ ಅದರ ಕೆಲಸ. ಹೊರಡುವುದು ಸಲೀಸಾಗುತ್ತದೆ. ಆದರೆ ಬ್ರೇಕ್ ಎಲ್ಲ ವಾಹನಗಳಲ್ಲೂ ನಾಲ್ಕೂ ಚಕ್ರಗಳಿಗೆ ಇದೆ. ಫೋರ್ ವೀಲ್ ಡ್ರೈವ್ ಇದ್ದ ಮಾತ್ರಕ್ಕೆ ಟೈರ್ ಮತ್ತು ಹಿಮದ ನಡುವಿನ ಘರ್ಷಣೆ ಎಳ್ಳಷ್ಟೂ ಹೆಚ್ಚುವುದಿಲ್ಲ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಸುಮಾರು 14 ಮೀಟರ್‌ಗೆ ನಿಲ್ಲುವ ವಾಹನ, ಗಟ್ಟಿ ಹಿಮದ ಮೇಲೆ ಸುಮಾರು 40 ಮೀಟರ್, ಮಂಜುಗಡ್ಡೆಯ ಮೇಲೆ 100 ಮೀಟರ್‌ನಷ್ಟು ದೂರ ಹೋಗಬಹುದು. ವೇಗ ಇಮ್ಮಡಿಯಾದರೆ ಈ ದೂರ ನಾಲ್ಕು ಪಟ್ಟಾಗುತ್ತದೆ. ಜಾರುವ ರಸ್ತೆಯಲ್ಲೂ ಸುಲಭವಾಗಿ ವೇಗ ಸಿಗುವುದರಿಂದ ರಸ್ತೆ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಬ್ರೇಕ್ ಒತ್ತುವವರೆಗೂ ಆ ಭ್ರಮೆ ಹರಿಯುವುದಿಲ್ಲ. ಫೋರ್ ವೀಲ್ ಡ್ರೈವ್ ಇರುವ ಟ್ರಕ್ಕಿಗೆ ಮೂಟೆ ಬಿಡಬಹುದು, ಚಳಿಗಾಲದ ಟೈರನ್ನು ಬಿಡುವ ಹಾಗಿಲ್ಲ.

ಫೋರ್ ಹೈ, ಫೋರ್ ಲೋ, ಆಟೊ ಇವುಗಳಲ್ಲಿ ಯಾವುದನ್ನು ಯಾವಾಗ ಬಳಸಬೇಕು?

ಇವು ಫೋರ್ ವೀಲ್ ಡ್ರೈವ್‌ನ ಆಯ್ಕೆಗಳು: ಸಾಮಾನ್ಯ ವೇಗಕ್ಕೆ ಫೋರ್ ಹೈ, ನಿಧಾನವಾಗಿ ಹೆಚ್ಚು ಬಲ ಬೇಕಾದಾಗ ಫೋರ್ ಲೋ, ಬೇಕೆನಿಸಿದಾಗ ತಾನಾಗಿಯೇ ಹಾಕಿಕೊಳ್ಳುವುದು ಆಟೊ. ಹಿಮ ಮುಚ್ಚಿದ ರಸ್ತೆಗೆ ಫೋರ್ ಹೈ. ಸಿಕ್ಕಿಕೊಂಡು ನಿಧಾನವಾಗಿ ಹೊರಬರಬೇಕಾದಾಗ, ಕಡಿದಾದ ಇಳಿಜಾರಿನಲ್ಲಿ ಫೋರ್ ಲೋ. ಹೆದ್ದಾರಿಯಲ್ಲಿ ಫೋರ್ ಲೋ ಹಾಕುವಂತಿಲ್ಲ.

ಹೆಚ್ಚಿನ ಪಿಕಪ್‌ಗಳ ಫೋರ್ ಹೈನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗುವಂತೆ ಬೆಸೆದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಉರುಳಬೇಕು. ಹಿಮದ ಮೇಲಾದರೆ ಟೈರ್ ಒಂದಿಷ್ಟು ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಆಸ್ಪದವಿಲ್ಲ. ಸ್ಟಿಯರಿಂಗ್ ಬಿಗಿಯಾಗುತ್ತದೆ, ವಾಹನ ಮುಗ್ಗರಿಸಿದಂತೆ ನಡೆಯುತ್ತದೆ, ಒಳಗಿನ ಗೇರು ಮತ್ತು ಶಾಫ್ಟ್‌ಗಳು ತಿರುಚಿಕೊಳ್ಳುತ್ತವೆ. ಒಮ್ಮೆ ಹಿಮ, ಒಮ್ಮೆ ಒಣ ರಸ್ತೆ ಎಂದು ಮಾರು ಮಾರಿಗೂ ಬದಲಾಗುವ ದಿನಗಳಿಗೆ ಆಟೊ ಇದ್ದರೆ ಅದೇ ಸರಿ.

ಚಳಿಗಾಲ ಬರುವ ಮೊದಲೇ ಒಮ್ಮೆ ಫೋರ್ ವೀಲ್ ಡ್ರೈವ್ ಹಾಕಿ ನೋಡಿ, ಮಣ್ಣಿನ ರಸ್ತೆಯಲ್ಲಿ. ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ಯಂತ್ರ ಬೇಕಾದ ದಿನವೇ ಕೈಕೊಡಬಹುದು.

ಹಿಂದಿನ ಡಿಫರೆನ್ಷಿಯಲ್ ಲಾಕ್ ಮಾಡಿದರೆ ಹಿಮದಲ್ಲಿ ಲಾಭವೇ?

ಸಿಕ್ಕಿಕೊಂಡಾಗ ಲಾಭ, ಓಡುವಾಗ ಅಪಾಯ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ಬಲ ಕೊಡುತ್ತದೆ. ಒಂದು ಚಕ್ರ ಮಂಜುಗಡ್ಡೆಯ ಮೇಲಿದ್ದು ಅದಕ್ಕೆ ಹಿಡಿತವೇ ಇಲ್ಲವೆಂದಾದರೆ, ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ. ಹೀಗಾಗಿ ಒಂದು ಚಕ್ರ ಸುಮ್ಮನೆ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಮತ್ತೊಂದು ಕದಲುವುದಿಲ್ಲ. ಲಾಕ್ ಮಾಡಿದರೆ ಎರಡೂ ಒಟ್ಟಿಗೆ ತಿರುಗಲೇಬೇಕು, ಹಿಡಿತ ಇರುವ ಚಕ್ರ ಟ್ರಕ್ಕನ್ನು ಎತ್ತಿ ತರುತ್ತದೆ.

ಆದರೆ ಒಂದು ಚಕ್ರ ಸುಮ್ಮನೆ ಇದ್ದಾಗ ಅದು ಹಿಂಭಾಗವನ್ನು ಪಕ್ಕಕ್ಕೆ ಸರಿಯದಂತೆ ಹಿಡಿದಿರುತ್ತದೆ. ಎರಡೂ ಒಮ್ಮೆಗೇ ಜಾರತೊಡಗಿದರೆ ಹಿಡಿಯುವವರಿಲ್ಲ. ರಸ್ತೆ ಒಂದು ಬದಿಗೆ ವಾಲಿದ್ದರಂತೂ ಹಿಂಭಾಗ ಇಳಿಜಾರಿನ ಕಡೆಗೆ ಇಳಿದುಬಿಡುತ್ತದೆ. ಗುಂಡಿಯಿಂದ ಹೊರಬಂದ ಕೂಡಲೇ ಲಾಕ್ ತೆಗೆಯಿರಿ. ಜನರಲ್ ಮೋಟರ್ಸ್‌ನ ಬಹಳಷ್ಟು ಪಿಕಪ್‌ಗಳಲ್ಲಿ ಈ ಕೆಲಸ ತಾನಾಗಿಯೇ ಆಗುತ್ತದೆ. ಕಡಿಮೆ ವೇಗದಲ್ಲಿ ಒಂದು ಚಕ್ರ ಹೆಚ್ಚು ತಿರುಗಿದರೆ ಲಾಕ್ ಆಗಿ, ಆಮೇಲೆ ಬಿಟ್ಟುಕೊಳ್ಳುತ್ತದೆ. ಹಠಾತ್ತನೆ ಹಿಂಭಾಗದಿಂದ ಒಂದು ಕುಲುಕು ಬಂದರೆ ಗಾಬರಿ ಬೇಡ.

ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬೇಕೇ?

ಚಕ್ರ ಜಾರಿ ತಿರುಗಿದಾಗ ಎಂಜಿನ್ ಬಲವನ್ನು ತಾನಾಗಿ ತಗ್ಗಿಸುವ ವ್ಯವಸ್ಥೆ ಇದು. ಓಡುವಾಗ ಆಫ್ ಮಾಡುವುದು ಎಂದಿಗೂ ಬೇಡ. ಆಳ ಹಿಮದಲ್ಲಿ ಸಿಕ್ಕಿಕೊಂಡು, ಎಂಜಿನ್ ಬಲವನ್ನು ಅದು ಕತ್ತರಿಸುತ್ತಲೇ ಇದ್ದು ಟ್ರಕ್ ಕದಲದಿದ್ದರೆ ಮಾತ್ರ ಆಫ್ ಮಾಡಿ. ಹೊರಬಂದ ಮೇಲೆ ಮತ್ತೆ ಆನ್ ಮಾಡಿ.

ಚೈನ್ ಯಾವಾಗ ಬೇಕು? ಹೇಗೆ ಕಟ್ಟುವುದು?

ಹಿಡಿತಕ್ಕೆಂದು ಟೈರಿನ ಸುತ್ತ ಕಟ್ಟುವ ಸರಪಳಿಯೇ ಚೈನ್. ಮಿಷಿಗನ್‌ನ ಸಮತಟ್ಟು ರಸ್ತೆಗಳಲ್ಲಿ ನಮಗೆ ಅದರ ಅಗತ್ಯ ಬೀಳುವುದು ಕಡಿಮೆ. ಬೆಟ್ಟದ ದಾರಿಯವರಿಗೆ ಬೇಕೇ ಬೇಕು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕನ್ನಡಿಗ ಕುಟುಂಬಗಳು ಚಳಿಗಾಲದ ರಜೆಗೆ ಲೇಕ್ ಟಾಹೊಗೆ ಹೊರಡುತ್ತವೆ. ಅಂತರರಾಜ್ಯ ಹೆದ್ದಾರಿ 80ರ ಡಾನರ್ ಕಣಿವೆ ದಾರಿಯಲ್ಲಿ, ಹೆದ್ದಾರಿ 50ರಲ್ಲಿ ಹಿಮ ಬಿದ್ದಾಗ ಚೈನ್ ತಪಾಸಣೆ ಇರುತ್ತದೆ. ಕ್ಯಾಲಿಫೋರ್ನಿಯದಲ್ಲಿ ಮೂರು ಹಂತಗಳಿವೆ. ಆರ್-2 ಹಂತದಲ್ಲಿ ನಾಲ್ಕೂ ಚಕ್ರಗಳಿಗೆ ಹಿಮದ ಟೈರ್ ಇರುವ ಫೋರ್ ವೀಲ್ ಡ್ರೈವ್ ಅಥವಾ ಆಲ್ ವೀಲ್ ಡ್ರೈವ್ ವಾಹನಗಳನ್ನು ಬಿಟ್ಟು ಉಳಿದೆಲ್ಲದಕ್ಕೂ ಚೈನ್ ಕಡ್ಡಾಯ. ವಿನಾಯಿತಿ ಪಡೆದವರೂ ಚೈನನ್ನು ಜೊತೆಯಲ್ಲಿ ಒಯ್ಯಲೇಬೇಕು. ಆರ್-3ರಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಕೊಲರಾಡೊದ ಅಂತರರಾಜ್ಯ ಹೆದ್ದಾರಿ 70ರಲ್ಲಿ ಮಾರಿಸನ್ ಮತ್ತು ಡಾಟ್ಸಿರೊ ನಡುವೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಇಂಥದೇ ನಿಯಮವಿದೆ.

ಹಿಂದಿನ ಚಕ್ರ ತಳ್ಳುವ ಪಿಕಪ್‌ಗೆ ಚೈನ್ ಹಿಂದಿನ ಚಕ್ರಗಳಿಗೆ. ಫೋರ್ ವೀಲ್ ಡ್ರೈವ್‌ನಲ್ಲಿ ಯಾವುದಕ್ಕೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿ ನೋಡಿ. ಚಕ್ರ ಮತ್ತು ಅದರ ಸುತ್ತಲಿನ ಭಾಗಗಳ ನಡುವೆ ಜಾಗ ಸಾಲದ ಕೆಲವು ಟ್ರಕ್‌ಗಳಿಗೆ ತೆಳು ಕೇಬಲ್ ಮಾತ್ರ ಒಪ್ಪಿಗೆ.

ಕಟ್ಟುವುದನ್ನು ಮನೆಯ ಮುಂದೆ, ಒಣ ನೆಲದಲ್ಲಿ ಅಭ್ಯಾಸ ಮಾಡಿಕೊಳ್ಳಿ. ಮೊದಲು ಚೈನನ್ನು ನೆಲದ ಮೇಲೆ ಹರವಿ ಗಂಟುಗಳನ್ನೆಲ್ಲ ಬಿಡಿಸಿ. ಕೊಕ್ಕೆಗಳ ಚೂಪು ತುದಿ ಟೈರಿನಿಂದ ಹೊರಗೆ ನೋಡುವಂತೆ ತಿರುಗಿಸಿ, ಒಳಗೆ ನೋಡಿದರೆ ಟೈರಿನ ಗೋಡೆಯನ್ನು ಸೀಳುತ್ತದೆ. ಟೈರಿನ ಮೇಲೆ ಹೊದಿಸಿ, ಎರಡೂ ಬದಿಗೂ ಸಮನಾಗಿ ಇಳಿಬಿಡಿ. ಟ್ರಕ್ಕನ್ನು ಒಂದಿಷ್ಟು ಮುಂದೆ ಸರಿಸಿ, ಮೊದಲು ಒಳಬದಿಯ ಕೊಕ್ಕೆ, ಆಮೇಲೆ ಹೊರಬದಿಯದು. ಟೈರಿನ ಹಿಂದೆ ಕೈ ತೂರಿಸಿ, ಕಣ್ಣಿಗೆ ಕಾಣದ ಒಳಕೊಕ್ಕೆಯನ್ನು ಬೆರಳ ಸ್ಪರ್ಶದಿಂದಲೇ ಸಿಕ್ಕಿಸಬೇಕು. ಎಲ್ಲರೂ ಸೋಲುವುದು ಅಲ್ಲಿಯೇ. ದಪ್ಪ ಉಣ್ಣೆಯ ಕೈಗವಸಿನಲ್ಲಿ ಅದು ಆಗದು, ನೀರು ಹಿಡಿಯದ ತೆಳು ರಬ್ಬರ್ ಗವಸು ಇಟ್ಟುಕೊಳ್ಳಿ. ಮಂಡಿಯೂರಲು ಒಂದು ಹಳೆಯ ಚಾಪೆ, ತಲೆಗೆ ಕಟ್ಟುವ ದೀಪ ಇದ್ದರೆ ಅರ್ಧ ಕೆಲಸ ಮುಗಿದಂತೆ. ನೂರು ಮೀಟರ್ ಓಡಿಸಿ ನಿಲ್ಲಿಸಿ, ಸಡಿಲವಾದದ್ದನ್ನು ಮತ್ತೆ ಬಿಗಿ ಮಾಡಿ. ಚೈನ್ ಇರುವಾಗ ಗಂಟೆಗೆ 40ರಿಂದ 50 ಕಿ.ಮೀ. ದಾಟಬೇಡಿ. ಒಣ ರಸ್ತೆ ಸಿಕ್ಕ ಕೂಡಲೇ ಸುರಕ್ಷಿತ ಜಾಗ ನೋಡಿ ತೆಗೆಯಿರಿ. ಟಾಹೊಗೆ ಹೋಗುವ ಸಿಯೆರಾ ಬೆಟ್ಟಗಳ ದಾರಿಯಲ್ಲಿ ಹಣ ಪಡೆದು ಕಟ್ಟಿಕೊಡುವ ಪರವಾನಗಿಯ ಕೆಲಸಗಾರರೂ ಸಿಗುತ್ತಾರೆ. ಅವರು ಚೈನ್ ಮಾರುವುದಿಲ್ಲ, ಅದು ನಿಮ್ಮದೇ ಆಗಿರಬೇಕು.

ಓಡಿಸುವ ರೀತಿಯಲ್ಲಿ ಏನು ಬದಲಿಸಿಕೊಳ್ಳಬೇಕು?

ಟೈರಿಗೆ ಇರುವ ಹಿಡಿತ ಒಂದು ಮಿತಿಯದು. ಅದನ್ನು ಬ್ರೇಕ್, ತಿರುವು, ವೇಗ ಮೂರೂ ಹಂಚಿಕೊಳ್ಳಬೇಕು. ಹಾಗಾಗಿ ಒಮ್ಮೆಗೆ ಒಂದೇ ಕೆಲಸ ಮಾಡಿ. ತಿರುವಿಗೆ ಮೊದಲೇ, ಚಕ್ರ ನೇರವಿರುವಾಗ ವೇಗ ಇಳಿಸಿ. ಬ್ರೇಕಿನಿಂದ ಕಾಲು ತೆಗೆದು ತಿರುಗಿಸಿ, ದಾರಿ ನೇರವಾದ ಮೇಲೆ ನಿಧಾನವಾಗಿ ವೇಗ ಕೊಡಿ. ಕ್ರೂಸ್ ಕಂಟ್ರೋಲ್ (ವೇಗವನ್ನು ತಾನಾಗಿ ಒಂದೇ ಮಟ್ಟದಲ್ಲಿಡುವ ವ್ಯವಸ್ಥೆ) ಬೇಡ. ಹಿಂಭಾಗ ಜಾರಿದರೆ ಆ್ಯಕ್ಸಿಲರೇಟರ್ ಬಿಟ್ಟು, ನೀವು ಹೋಗಬೇಕಾದ ಕಡೆಗೆ ಕಣ್ಣಿಟ್ಟು ಸ್ಟಿಯರಿಂಗನ್ನೂ ಅತ್ತಲೇ ತಿರುಗಿಸಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಟ್ರಕ್ಕಿನಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಡಿ. ಗಟ್ಟಿಯಾಗಿ ಒತ್ತಿಹಿಡಿಯಿರಿ, ಕಾಲಿನ ಕೆಳಗೆ ಗಡಗಡ ನಡುಗಿದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ.

ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಏಕೆಂದರೆ ಅವಕ್ಕೆ ಕೆಳಗಿನಿಂದಲೂ ತಂಪು ಗಾಳಿ ಬಡಿಯುತ್ತದೆ. ಮೈನಸ್ 20ರ ಮಂಜುಗಡ್ಡೆಗಿಂತ ಸೊನ್ನೆಯ ಆಸುಪಾಸಿನ, ಮೇಲೆ ನೀರಿನ ತೆಳು ಪೊರೆಯಿರುವ ಮಂಜುಗಡ್ಡೆ ಹೆಚ್ಚು ಜಾರುತ್ತದೆ. ‘ಇವತ್ತು ಚಳಿ ಕಡಿಮೆ’ ಎನ್ನುವ ದಿನವೇ ಹೆಚ್ಚು ಎಚ್ಚರ ಬೇಕು. ರಸ್ತೆಗೆ ಹಾಕುವ ಉಪ್ಪು ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ ಎಂಬುದೂ ತಿಳಿದಿರಲಿ.

ಹಿಮದಲ್ಲಿ ಹೂತುಹೋದರೆ?

ಮೊದಲು ಆ್ಯಕ್ಸಿಲರೇಟರ್ ಬಿಡಿ. ಚಕ್ರ ತಿರುಗಿದಷ್ಟೂ ಕೆಳಗಿನ ಹಿಮ ಕರಗಿ ಹೊಳೆಯುವ ಮಂಜುಗಡ್ಡೆಯಾಗುತ್ತದೆ. ಇಳಿದು ಹೊಗೆ ಕೊಳವೆಯ ಬಾಯಿ ತೆರವು ಮಾಡಿ. ಇದನ್ನು ಮರೆತರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿ ಜೀವ ಹೋಗುತ್ತದೆ. ಆಮೇಲೆ ಗುದ್ದಲಿಯಿಂದ ನಾಲ್ಕೂ ಚಕ್ರಗಳ ಮುಂದೆ, ಹಿಂದೆ, ಹೊಟ್ಟೆಯ ಕೆಳಗೂ ಹಿಮ ತೆಗೆಯಿರಿ. ಮರಳು ಎರಚಿ. ಸ್ಟಿಯರಿಂಗ್ ನೇರ ಇಟ್ಟು ಮುಂದೆ, ಹಿಂದೆ ಮೆಲ್ಲಗೆ ತೂಗಿ ನೋಡಿ. ರಬ್ಬರ್ ಮ್ಯಾಟ್ ಚಕ್ರದ ಕೆಳಗೆ ಇಟ್ಟರೆ ಅದು ಬಾಣದಂತೆ ಹಿಂದಕ್ಕೆ ಹಾರುತ್ತದೆ, ಹಿಂದೆ ಯಾರನ್ನೂ ನಿಲ್ಲಿಸಬೇಡಿ.

ಇನ್ನೊಬ್ಬರು ಎಳೆಯಲು ಬಂದರೆ ಹಗ್ಗವನ್ನು ಟ್ರೇಲರ್ ಸಿಕ್ಕಿಸುವ ಲೋಹದ ಚೆಂಡಿಗೆ ಕಟ್ಟಲು ಬಿಡಲೇಬೇಡಿ. ಆ ಚೆಂಡು ಮುರಿದು ಗುಂಡೇಟಿನಂತೆ ಹಾರಿ ಜನ ಸತ್ತಿದ್ದಾರೆ. ಎಳೆಯಲೆಂದೇ ಮಾಡಿದ ಕೊಕ್ಕೆಗೆ, ಎಳೆಯಲೆಂದೇ ಇರುವ ಪಟ್ಟಿಯನ್ನು ಹಾಕಿ, ಉಳಿದವರನ್ನು ದೂರ ಕಳಿಸಿ. ದಾರಿ ಕಾಣದ ಹಿಮಗಾಳಿಯಲ್ಲಿ ಸಿಕ್ಕಿಕೊಂಡರೆ ಟ್ರಕ್ ಬಿಟ್ಟು ನಡೆದು ಹೋಗಬೇಡಿ. ಕಂಬಳಿ, ನೀರು, ತಿನ್ನಲು ಒಂದಿಷ್ಟು, ಅರ್ಧಕ್ಕಿಂತ ಹೆಚ್ಚು ಇಂಧನ ಇರುವಂತೆ ನೋಡಿಕೊಳ್ಳುವುದು ಈ ಕಾರಣಕ್ಕೇ. ನಮ್ಮ ರಾಜ್ಯದ ಉತ್ತರ ತುದಿಯ ಕಿವಿನಾ ಸೀಮೆಯಲ್ಲಿ 1978–79ರ ಚಳಿಗಾಲದಲ್ಲಿ 390.4 ಇಂಚು, ಅಂದರೆ 9.9 ಮೀಟರ್ ಹಿಮ ಬಿದ್ದಿತ್ತು. ಹೆದ್ದಾರಿ 41ರ ಪಕ್ಕದಲ್ಲಿ ಅದರ ಎತ್ತರದ ಕಂಬವನ್ನೇ ನಿಲ್ಲಿಸಿದ್ದಾರೆ. ಆ ಕಡೆ ಹೊರಟವರಿಗೆ ಗುದ್ದಲಿ ಇಲ್ಲದೆ ನಡೆಯದು.

ರಜೆಗೆ ಊರಿಗೆ ಬಂದಾಗ ಮನಾಲಿ ಕಡೆ ಪಿಕಪ್‌ನಲ್ಲಿ ಹೋಗುವ ಆಲೋಚನೆ ಇದೆ. ಅಲ್ಲಿಗೂ ಇದೇ ಲೆಕ್ಕವೇ?

ಲೆಕ್ಕ ಅದೇ. ಭಾರತದಲ್ಲಿ ಸಿಗುವ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಎರಡರಲ್ಲೂ ಫೋರ್ ವೀಲ್ ಡ್ರೈವ್ ಸಿಗುತ್ತದೆ, ಅದೂ ಒಣ ರಸ್ತೆಯಲ್ಲಿ ಹಾಕಬಾರದ ಬಗೆಯದು. ಬೆಂಗಳೂರಿನಲ್ಲಿ ಹಾಕಿಸಿದ ಟೈರ್ ಬಿಸಿಲಿಗೆ ಮಾಡಿದ್ದು, ಅಟಲ್ ಸುರಂಗದ ಆಚೆಗಿನ ಚಳಿಯಲ್ಲಿ ಗಡುಸಾಗುತ್ತದೆ. ಚೈನ್ ಒಯ್ಯಿರಿ, ಅಲ್ಲಿನ ಪೊಲೀಸರು ಮುಂದೆ ಬಿಡುವುದಿಲ್ಲ ಎಂದರೆ ವಾದಕ್ಕೆ ನಿಲ್ಲದೆ ಹಿಂದಿರುಗಿ.

ಚಳಿಗಾಲ ಮುಗಿದ ಮೇಲೆ?

ಹಗಲಿನ ತಾಪ 7 ಡಿಗ್ರಿಗಿಂತ ಮೇಲೆ ನಿಂತ ಮೇಲೆ ಟೈರ್ ಬದಲಿಸಿ. ಮೆತ್ತನೆಯ ರಬ್ಬರ್ ಬಿಸಿ ರಸ್ತೆಯಲ್ಲಿ ಬೇಗ ಸವೆಯುತ್ತದೆ. ತೆಗೆದ ಟೈರಿನ ಮೇಲೆ ಯಾವ ಚಕ್ರದ್ದು ಎಂದು ಸೀಮೆಸುಣ್ಣದಲ್ಲಿ ಬರೆದು, ಬಿಸಿಲು ಬೀಳದ ಕಡೆ ಇಡಿ. ಮೂಟೆಗಳನ್ನು ಇಳಿಸಿದಾಗ ಅವುಗಳ ಕೆಳಗೆ ಉಪ್ಪುನೀರು ನಿಂತು ಬಣ್ಣ ಎದ್ದಿದೆಯೇ ನೋಡಿ. ತೊಟ್ಟಿಗೆ ತುಕ್ಕು ಹಿಡಿಯುವುದು ಅಲ್ಲಿಂದಲೇ. ಹೊಟ್ಟೆಯ ಕೆಳಗಿನ ಚಾಸಿ ಮತ್ತು ಬ್ರೇಕ್ ಕೊಳವೆಗಳನ್ನು ಒತ್ತಡದ ನೀರಿನಲ್ಲಿ ಚೆನ್ನಾಗಿ ತೊಳೆಸಿ. ಇದನ್ನು ಏಪ್ರಿಲ್‌ವರೆಗೆ ಕಾಯದೆ, ಚಳಿಗಾಲದ ನಡುವೆಯೂ ತಾಪ ಸೊನ್ನೆಗಿಂತ ಮೇಲೇರಿದ ದಿನಗಳಲ್ಲಿ ಮಾಡಿಸುತ್ತಿದ್ದರೆ ಇನ್ನೂ ಒಳ್ಳೆಯದು.